ಸೈಸಿನ ಮುಖ ನೋಡು

ರೇಸ್ ಕೋರ್ಸ್ ರಸ್ತೆಗೆ ಅಂಬರೀಶ್ ಹೆಸರಿಟ್ಟರಲ್ಲ, 2023ರಲ್ಲಿ? ಮೊನ್ನೆ ಆಟೋದವನಿಗೆ ಹೊಸ ಹೆಸರನ್ನೇ ಹೇಳಿದೆ. ಕಣ್ಣು ಪಿಳಿಪಿಳಿ ಬಿಟ್ಟು, ‘ರೇಸ್ ಕೋರ್ಸ್ ಹತ್ರ ಅನ್ನಿ ಸಾರ್’ ಅಂದ. ಅವನದೂ ತಪ್ಪಿಲ್ಲ ಬಿಡಿ. ಅಂಬರೀಶರಿಗೂ ಕುದುರೆ ಹುಚ್ಚಿತ್ತು, ಯಾವ ಹೆಸರು ಹೇಳಿದರೂ ಇಳಿಯೋದು ಅದೇ ಗೇಟಿನ ಮುಂದೆ, ಅಲ್ವಾ?

ನನಗೆ ಆ ಗೇಟು ತೋರಿಸಿದವರು ನಮ್ಮ ಸೋದರಮಾವ. ಬೆಳಿಗ್ಗೆ ಪೇಪರ್ ಬಂದರೆ ಮನೆಯಲ್ಲಿ ಉಳಿದವರು ಮೊದಲ ಪುಟ ನೋಡೋರು, ಅವರು ಕನ್ನಡಕ ಒರೆಸಿಕೊಂಡು ಸೀದಾ ಟ್ರ್ಯಾಕ್ ವರ್ಕಿಗೆ ಹೋಗೋರು. ನಸುಕಿನಲ್ಲಿ ಯಾವ ಕುದುರೆ ಎಷ್ಟು ದೂರವನ್ನು ಎಷ್ಟು ಸೆಕೆಂಡಿನಲ್ಲಿ ಓಡಿತು, ಸಲೀಸಾಗಿ ಓಡಿತೋ ತಳ್ಳಿಸಿಕೊಂಡು ಓಡಿತೋ, ಎಲ್ಲ ಅದರಲ್ಲಿರುತ್ತೆ. ಪಂಚಾಂಗದಲ್ಲಿ ರಾಹುಕಾಲ ನೋಡುವಷ್ಟೇ ಭಕ್ತಿಯಿಂದ ನೋಡೋರು. ನಮ್ಮಜ್ಜಿ ಎಷ್ಟೋ ದಿನ ಅದನ್ನು ಷೇರು ಪೇಟೆ ಅಂತಲೇ ತಿಳಿದಿದ್ದಳು, ಪಾಪ. ನಾವೂ ತಿದ್ದಲಿಲ್ಲ.

ಸ್ಕ್ವಾಂಡರರ್ ಕಥೆ ನಿಮಗೆ ಹೇಳಬೇಕಿಲ್ಲ. 1977ರ ಇಂಡಿಯನ್ ಡರ್ಬಿ ಗೆದ್ದ ಕುದುರೆ. ಒಟ್ಟು 19 ಓಟ, 18 ಗೆಲುವು. ಹೆಸರಿನ ಅರ್ಥ ನೋಡಿ, ದುಂದುಗಾರ! ಒಂದೇ ಒಂದು ಓಟ ಕಳೆದುಕೊಂಡ ಪ್ರಾಣಿಗೆ ದುಂದುಗಾರ ಅಂತ ಹೆಸರಿಟ್ಟರು, ದುಂದು ಮಾಡಿದ್ದೆಲ್ಲ ಕಟಕಟೆಗೆ ಆತುಕೊಂಡು ನಿಂತ ನಾವು. ಮಾವನ ಸ್ನೇಹಿತರೊಬ್ಬರಿಗೆ ಆ ಹೆಸರು ನಾಲಿಗೆ ಮೇಲೆ ಹೊರಳುತ್ತಲೇ ಇರಲಿಲ್ಲ. ‘ಸ್ಕಂದ, ಸ್ಕಂದ’ ಅಂತಿದ್ದರು. ಕೇಳಿದವರು ಸುಬ್ರಹ್ಮಣ್ಯ ಸ್ವಾಮಿ ಭಕ್ತರು ಅಂದುಕೊಳ್ಳಬೇಕು! ನಮ್ಮ ಮಾವನೋ, ಲೋಕವೆಲ್ಲ 18 ಗೆಲುವಿನ ಮಾತಾಡಿದರೆ ಇವರು ಆ ಒಂದು ಸೋಲು ಹಿಡಿದುಕೊಂಡು ಕೂತಿದ್ದರು. ‘ಅವತ್ತು ಏನಾಗಿತ್ತು ಅದಕ್ಕೆ?’ ಅಂತ. ಹತ್ತು ವರ್ಷ ಬಿಟ್ಟು ಕೇಳಿದರೂ ಅದೇ ಸಂಕಟ, ಮದುವೆ ಮನೆಯಲ್ಲಿ ಒಬ್ಬ ನೆಂಟ ಉಣ್ಣದೆ ಎದ್ದು ಹೋದ ಹಾಗೆ.

ಸ್ಕ್ವಾಂಡರರನ್ನು ತಯಾರು ಮಾಡಿದವರು ರಶೀದ್ ಬೈರಾಮ್‌ಜಿ. ನಮ್ಮ ಬೆಂಗಳೂರಿನಲ್ಲೇ ಲಾಯ ಇಟ್ಟುಕೊಂಡು, ಮುಂಬೈಗೆ ಹೋಗಿ ಮಹಾಲಕ್ಷ್ಮಿಯಲ್ಲಿ ಇಂಡಿಯನ್ ಡರ್ಬಿಯನ್ನು 12 ಸಲ ಹೊತ್ತು ತಂದ ಮಹಾನುಭಾವರು. ಗೆದ್ದ ಕುದುರೆ ಎದುರು ಹಿಡಿದ ಫೋಟೋದಲ್ಲಿ ಜಾಕಿ ನಗ್ತಾನೆ, ಮಾಲೀಕ ನಗ್ತಾನೆ, ಮಾಲೀಕನ ಅತ್ತಿಗೆಯ ತಮ್ಮನೂ ಹಲ್ಲು ಬಿಡ್ತಾನೆ, ಟ್ರೈನರ್ ಎಲ್ಲೋ ಅಂಚಿನಲ್ಲಿ ಇರ್ತಾರೆ. ದುಡಿಮೆ ಅವರದು. ಯಾವುದಕ್ಕೆ ಯಾವ ದೂರ ಒಗ್ಗುತ್ತೆ, ಯಾವುದರ ಕಣ್ಣಿಗೆ ಪಟ್ಟಿ ಕಟ್ಟಬೇಕು, ಯಾವುದು ಹಿಂದೆ ಉಳಿದು ಕೊನೆಯಲ್ಲಿ ನುಗ್ಗುತ್ತೆ, ಎಲ್ಲ ತಲೆಯಲ್ಲಿ. ಬಾಯಿಗೆ ಮಾತ್ರ ಬೀಗ.

ಅದಕ್ಕೇ ನಮ್ಮ ಮಾವ ಒಂದು ಸಿದ್ಧಾಂತ ಕಟ್ಟಿದ್ದರು. ‘ಪ್ಯಾಡಾಕಿನಲ್ಲಿ ಟ್ರೈನರ್ ಮುಖ ನೋಡಬೇಡ, ಅದು ಬ್ಯಾಂಕಿನ ಬೀರು. ಕುದುರೆ ಹಿಡಿದು ನಡೀತಾನಲ್ಲ ಸೈಸು, ಅವನ ಮುಖ ನೋಡು. ರಾತ್ರಿ ಅದರ ಜೊತೆ ಮಲಗೋನು ಅವನು.’

ಒಪ್ಪುವಂಥ ಮಾತೇ. ಮೈ ಉಜ್ಜೋನು, ಗೊರಸು ಎತ್ತಿ ನೋಡೋನು, ಮೇವು ಹಾಕೋನು ಅವನು ತಾನೇ? ಮೇವು ಅಂದೆ, ನೆನಪಾಯ್ತು. ಇಂಗ್ಲಿಷಿನಲ್ಲಿ ಹುರುಳಿಗೆ ಕುದುರೆ ಕಾಳು ಅಂತಾರಲ್ಲ, ಹುರುಳಿ ಸಾರು ಸುರಿದುಕೊಂಡು ಬೆಳೆದವರು ನಾವು, ಓಟ್ಸು ತಿಂದವು ಅವು. ಈಗ ನನ್ನ ಡಾಕ್ಟರು ಬೆಳಿಗ್ಗೆ ಓಟ್ಸು ತಿನ್ನಿ ಅಂತಾರೆ! ತಿಂದು ಗೇಟಿನ ತನಕ ನಡೆದರೆ ಏದುಸಿರು. ತಳಿ ಬೇರೆ, ಏನು ಮಾಡೋಣ.

ತಳಿ ಅಂದರೆ ಕುಣಿಗಲ್. ಟಿಪ್ಪು ಕಾಲದ ಸ್ಟಡ್ ಫಾರ್ಮ್ ಅದು. ಹಾಸನದ ಬಸ್ಸು ಅಲ್ಲಿಗೆ ಬಂದರೆ ಮಾವ ಕಿಟಕಿಗೆ ಅಂಟಿಕೊಂಡು ಮರಿ ಕಾಣುತ್ತಾ ನೋಡೋರು. ಮೈಸೂರಿಗೆ ಹೋದರೂ ಇದೇ ಗೋಳು. ದಸರಾ ಹೊತ್ತಿಗೆ ಡರ್ಬಿ, ಹಿಂದೆ ಚಾಮುಂಡಿ ಬೆಟ್ಟ, ರೇಸ್ ಕೋರ್ಸಿನ ನಡುವೆ ಗಾಲ್ಫ್ ಆಡೋ ಜನ. ಅಷ್ಟು ಚೆಲುವಾದ ಜಾಗದಲ್ಲಿ ದುಡ್ಡು ಕಳೆದುಕೊಂಡರೆ ಅಷ್ಟಾಗಿ ಹೊಟ್ಟೆ ಉರಿಯಲ್ಲ. ಮಾವ ಬೆಟ್ಟಕ್ಕೆ ಕೈ ಮುಗಿದೇ ಬಾಜಿ ಕಟ್ಟೋ ಟೋಟ್ ಕಿಟಕಿಗೆ ಹೋಗೋರು. ಅಮ್ಮನೂ ತಪ್ಪದೆ ನಾಲ್ಕನೇ ಸ್ಥಾನ ಕೊಡುತ್ತಿದ್ದಳು.

1996ರಲ್ಲಿ ಸುಪ್ರೀಂ ಕೋರ್ಟು, ಕುದುರೆ ರೇಸು ಅದೃಷ್ಟದಾಟ ಅಲ್ಲ, ಕೌಶಲದ ಆಟ ಅಂತ ತೀರ್ಪು ಕೊಟ್ಟಿತಲ್ಲ, ಮಾವ ಆ ಪೇಪರ್ ಕತ್ತರಿಸಿ ಅತ್ತೆಗೆ ತೋರಿಸಿದರು. ಅತ್ತೆ ಒಗ್ಗರಣೆ ಹಾಕುತ್ತಲೇ, ‘ಕೌಶಲ ಇದ್ದಿದ್ರೆ ಇಷ್ಟೊತ್ತಿಗೆ ಒಂದು ಕುಕ್ಕರ್ ಬಂದಿರೋದು’ ಅಂದರು. ಅದಕ್ಕೆ ಮೇಲ್ಮನವಿ ಇಲ್ಲ, ಅಲ್ವಾ?

ಹಾಂ, ಸೈಸಿನ ಕಥೆ. ಒಂದು ಶನಿವಾರ ಪ್ಯಾಡಾಕಿನಲ್ಲಿ ಕಂದು ಕುದುರೆಯೊಂದನ್ನು ಹಿಡಿದ ಮುದುಕ ಸೈಸು, ಸುತ್ತು ಹಾಕುವಷ್ಟು ಹೊತ್ತೂ ಮುಗುಳ್ನಗುತ್ತಿದ್ದ. ಮಗಳ ಮದುವೆ ಗೊತ್ತಾದವನ ಹಾಗೆ. ಮಾವ ನನ್ನ ತೋಳು ಚಿವುಟಿದರು. ಇದ್ದಬದ್ದ ನೂರು ರೂಪಾಯಿ ವಿನ್ ಮೇಲೆ ಹಾಕಿದ್ದಾಯಿತು. ಕುದುರೆ ಕೊನೆಯಿಂದ ಎರಡನೆಯದಾಗಿ ಬಂತು, ಅದೂ ಸುತ್ತಮುತ್ತ ನೋಡಿಕೊಂಡು.

ಆಮೇಲೆ ಕಟಕಟೆ ಹತ್ತಿರ ಸಿಕ್ಕ ಆ ಸೈಸನ್ನು ನಾನೇ ತಡೆದು ಕೇಳಿದೆ, ಅಷ್ಟೊಂದು ಯಾಕಪ್ಪಾ ನಗ್ತಿದ್ದೆ ಅಂತ. ಅವನು ಟವೆಲಿನಿಂದ ಕುದುರೆ ಮುಖ ಒರೆಸುತ್ತಾ ಹೇಳಿದ: ‘ಮೂರು ದಿನದಿಂದ ಮೇವು ಮುಟ್ಟಿರಲಿಲ್ಲ ಸಾರ್. ಇವತ್ತು ಬೆಳಿಗ್ಗೆ ಹೊಟ್ಟೆ ತುಂಬಾ ತಿಂತು.’ ಈಗಲೂ ನಗ್ತಲೇ ಇದ್ದ.

ಬಸ್ಸಿಗೂ ಕಾಸಿರಲಿಲ್ಲ. ಮಲ್ಲೇಶ್ವರದವರೆಗೂ ಕಾಲೆಳೆದುಕೊಂಡು ನಡೆದೆವು. ಮಾವ ತುಟಿ ಬಿಚ್ಚಲಿಲ್ಲ. ನನಗೂ ಪಾಪ ಅನ್ನಿಸಿತು, ಇವತ್ತಿಗೆ ಸಿದ್ಧಾಂತ ಬಿತ್ತಲ್ಲ ಅಂತ. ಶೇಷಾದ್ರಿಪುರ ದಾಟುವಾಗ ತಟ್ಟನೆ ನಿಂತು ಕೇಳಿದರು:

‘ಲೋ, ಏನು ತಿಂತು ಅಂತ ಕೇಳಿದ್ಯೇನೋ?’