ಕೋರ್ ಐ9 ಸಾಹೇಬರಿಗೆ ತಂಬೂರದಿಂದ ಒಂದು ಬಹಿರಂಗ ಪತ್ರ

ಶ್ರೀಯುತ ಇಂಟೆಲ್ ಕೋರ್ ಐ9-14900ಕೆ ಸಾಹೇಬರಿಗೆ,
ಮುಕ್ಕಾಂ: ಕಂಪ್ಯೂಟರ್ ಅಂಗಡಿಯ ಗಾಜಿನ ಕಪಾಟು, ಹುಬ್ಬಳ್ಳಿ.

ಕಲಘಟಗಿ ತಾಲೂಕಿನ ತಂಬೂರದಿಂದ ನಮಸ್ಕಾರ.

ನಮ್ಮ ಮನೆಯಲ್ಲಿ ಖಾಲಿ ಇದ್ದ ಸರ್ವರ್ ಹುದ್ದೆಗೆ ತಮ್ಮ ಹೆಸರನ್ನು ಸೂಚಿಸಿದವನು ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ. "ತಗೊಳ್ಳೂದಾದ್ರ ಛಲೋದ ತಗೋರಿ ಮಾಮಾ, ಮುಂದ ಹತ್ತು ವರ್ಷ ತಿರುಗಿ ನೋಡೂದ ಬ್ಯಾಡ" ಅಂದ. ತಮ್ಮ ಬಯೋಡಾಟಾ ಓದಿ ದಂಗಾದೆವು. 24 ಕೋರುಗಳು, 6 ಗಿಗಾಹರ್ಟ್ಸ್ ವೇಗ, ಮೈ ಮುರಿದು ದುಡಿಯುವಾಗ 253 ವ್ಯಾಟ್ ಊಟ. ಇಂಥ ದೊಡ್ಡವರು ನಮ್ಮ ಪಡಸಾಲೆಗೆ ಬರಲು ಸಿದ್ಧರಾದದ್ದೇ ನಮ್ಮ ಪುಣ್ಯ. ಆದರೂ ತಮ್ಮನ್ನು ಇಟ್ಟುಕೊಳ್ಳಲು ಆಗುತ್ತಿಲ್ಲ. ಕಾರಣ ಹೇಳದೆ ಅರ್ಜಿ ವಾಪಸ್ ಕಳಿಸುವ ರೂಢಿ ಬೇರೆ ಕಡೆ ಇರಬಹುದು, ನಾವು ಹೇಳಿಯೇ ಕಳಿಸುವವರು.

ಕೆಲಸ ಏನೆಂದು ತಮಗೆ ಯಾರೂ ತಿಳಿಸಿದಂತಿಲ್ಲ. ಪುಣೆ, ಬೆಂಗಳೂರು ಸೇರಿದ ಮಕ್ಕಳ ಮೊಬೈಲ್ ಫೋಟೊಗಳು ರಾತ್ರಿ ತಾವಾಗಿಯೇ ಬಂದು ಇಲ್ಲಿ ಜಮಾ ಆಗಬೇಕು. ಅಪ್ಪನ ಕಾಲದ ಭಜನಾ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಪದಗಳು ಹಾಳಾಗದೆ ಉಳಿಯಬೇಕು. ಹೊಲದ ಉತಾರ, ಖರೇದಿ ಪತ್ರ, ವಾಟ್ನಿ ಪತ್ರಗಳ ಸ್ಕ್ಯಾನ್ ಪ್ರತಿ ಕೇಳಿದ ತಕ್ಷಣ ಸಿಗಬೇಕು. ಸಂಜೆ ಅವ್ವನಿಗೆ ಟಿವಿಯಲ್ಲಿ ಒಂದು ಹಳೆಯ ಸಿನಿಮಾ. ಎಲ್ಲ ಸೇರಿಸಿದರೂ ದಿನಕ್ಕೆ ಒಂದು ತಾಸಿನ ದುಡಿಮೆ ಇಲ್ಲ. ಉಳಿದ ಇಪ್ಪತ್ಮೂರು ತಾಸು ಎಚ್ಚರವಿದ್ದು ಸುಮ್ಮನೆ ಕೂರಬೇಕು. ಹೀಗೆ ಸುಮ್ಮನೆ ಕೂರುವುದೇ ಈ ಹುದ್ದೆಯ ಮುಖ್ಯ ಅರ್ಹತೆ, ತಮ್ಮ ಬಯೋಡಾಟಾದಲ್ಲಿ ಅದರ ಸುದ್ದಿಯೇ ಇಲ್ಲ.

ಯುಗಾದಿಗೆ ವರ್ಷದ ಆಳು ಇಟ್ಟುಕೊಳ್ಳುವಾಗ ನಮ್ಮ ಅಜ್ಜ ಅವನು ಎಷ್ಟು ಚೀಲ ಹೊರುತ್ತಾನೆ ಎಂದು ಕೇಳುತ್ತಿರಲಿಲ್ಲವಂತೆ. ಕೆಲಸವಿಲ್ಲದ ದಿನ ಎಷ್ಟು ರೊಟ್ಟಿ ತಿನ್ನುತ್ತಾನೆ ಎಂದು ಓಣಿಯಲ್ಲಿ ವಿಚಾರಿಸಿ ಬರುತ್ತಿದ್ದನಂತೆ. ಅದೇ ಲೆಕ್ಕ ತಮಗೂ ಹಚ್ಚಿದೆವು. ಎಡಬಿಡದೆ ಉರಿಯುವ ಒಂದು ವ್ಯಾಟ್ ಎಂದರೆ ವರ್ಷಕ್ಕೆ 8.76 ಯೂನಿಟ್. ನಲವತ್ತು ವ್ಯಾಟ್ ತಿನ್ನುತ್ತ ಕುಳಿತ ಯಂತ್ರ ತಿಂಗಳಿಗೆ ಸುಮಾರು 29 ಯೂನಿಟ್ ಮುಗಿಸುತ್ತದೆ, ಹತ್ತು ವ್ಯಾಟಿನದು 7 ಯೂನಿಟ್ ಚಿಲ್ಲರೆ. ಪಟ್ಟಣದವರಿಗೆ ಇದು ಚಹಾದ ಖರ್ಚು. ನಮಗೆ ಇದರ ನಡುವೆ ಗೃಹಜ್ಯೋತಿ ಇದೆ. 2023ರ ಜುಲೈಯಿಂದ ಬಂದ ಆ ಯೋಜನೆಯಲ್ಲಿ 200 ಯೂನಿಟ್ ಪುಕ್ಕಟೆ ಎಂದು ಊರೆಲ್ಲ ಹೇಳುತ್ತದೆ. ಬಿಲ್ ಓದಿದವರಿಗೆ ಗೊತ್ತು, ಪುಕ್ಕಟೆ ಸಿಗುವುದು 2022-23ರ ನಮ್ಮದೇ ಸರಾಸರಿ ಮತ್ತು ಅದರ ಮೇಲೆ ಶೇ. 10. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ. 10ರ ಬದಲು ಹತ್ತು ಯೂನಿಟ್ ಕೊಡಲು 2024ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು. ನಾವು ಆ ಸಣ್ಣ ಸರಾಸರಿಯವರು. ಹತ್ತು ವ್ಯಾಟಿನ ಆಳು ಆ ಹತ್ತು ಯೂನಿಟ್ಟಿನಲ್ಲಿ ಉಂಡು ಕೈ ತೊಳೆಯುತ್ತಾನೆ. ತಾವು ಬಂದರೆ ಹೆಚ್ಚಾದ ಅಷ್ಟೂ ಯೂನಿಟ್ಟಿಗೆ ನಾವು ಕಿಸೆಗೆ ಕೈ ಹಾಕಬೇಕು.

ತಮ್ಮ ಮೇಲೆ ಅನ್ಯಾಯದ ಮಾತು ಬೇಡ. ಕೆಲಸವಿಲ್ಲದಾಗ ತಾವೂ ತೂಕಡಿಸುತ್ತೀರಿ, ಆಗ ತಮ್ಮೊಬ್ಬರ ಊಟ ಕೆಲವೇ ವ್ಯಾಟ್ ಎಂಬುದು ನನಗೆ ಗೊತ್ತು. ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುವ 125 ವ್ಯಾಟ್ ದುಡಿಮೆಯ ಹೊತ್ತಿನ ಲೆಕ್ಕ, ಕೂತ ಹೊತ್ತಿನದಲ್ಲ. ಇದನ್ನು ಅಂಗಡಿಯವರೂ ಬಿಡಿಸಿ ಹೇಳುವುದಿಲ್ಲ. ತೊಂದರೆ ಇರುವುದು ತಮ್ಮ ಪರಿವಾರದಲ್ಲಿ. ತಾವು ಬಂದರೆ ತಮ್ಮ ಘನತೆಗೆ ತಕ್ಕ ಮದರ್‌ಬೋರ್ಡ್ ಬರಬೇಕು, ಅದರ ಮೇಲೆ ಸಾಲು ಸಾಲು ವೋಲ್ಟೇಜ್ ರೆಗ್ಯುಲೇಟರುಗಳು, ವೈಫೈ, ಯಾರೂ ಕೇಳದ ಬಣ್ಣದ ದೀಪಗಳು. ಅವರನ್ನೆಲ್ಲ ಸಾಕಲು 850 ವ್ಯಾಟಿನ ಪವರ್ ಸಪ್ಲೈ. ಅದಕ್ಕೆ ಚಿನ್ನದ ದರ್ಜೆಯ ಚೀಟಿ ಅಂಟಿಸಿರುತ್ತಾರೆ, ಆದರೆ ಆ ದರ್ಜೆಯ ಪರೀಕ್ಷೆ ನಡೆಯುವುದು ಶೇ. 20ರಿಂದ ಮೇಲಿನ ಹೊರೆಯಲ್ಲಿ. ಹದಿನೈದು ವ್ಯಾಟ್ ಕೇಳಿದರೆ ಅದರ ಚಿನ್ನ ಹಿತ್ತಾಳೆಯಾಗುತ್ತದೆ. ಸಾಹೇಬರು ನಿದ್ದೆ ಹೋದರೂ ಹಿಂದೆ ಬಂದವರು ಉಣ್ಣುತ್ತಲೇ ಇರುತ್ತಾರೆ.

ಹಾಗಾಗಿ ನಾವು ಪ್ರೊಸೆಸರ್ ಬಿಟ್ಟು ಮೊದಲು ಬೋರ್ಡು ನೋಡಿದೆವು. ಮನೆಯ ಸರ್ವರಿನ ಮಟ್ಟಿಗೆ ಅದೇ ಸರಿಯಾದ ಕ್ರಮ ಎಂದು ನನ್ನ ಹಟ. ಡಿಸ್ಕ್ ಕೂಡಿಸಲು ಸಾಟಾ ಕಿಂಡಿ ಎಷ್ಟಿವೆ, ಕರೆಂಟು ಹೇಗೆ ಒಳಗೆ ಬರುತ್ತದೆ, ಯಾವ ಚಿಪ್ಪು ಉಳಿದವರ ನಿದ್ದೆ ಕೆಡಿಸುತ್ತದೆ. ಈ ಕೊನೆಯದನ್ನು ಯಾವ ಜಾಹೀರಾತೂ ಹೇಳದು. ಕಿಂಡಿ ಸಾಲದೆಂದು ಜೆಎಂಬಿ585 ಚಿಪ್ಪಿನ ಕಾರ್ಡ್ ಚುಚ್ಚಿದರೆ ಪ್ರೊಸೆಸರ್ ಆಳದ ನಿದ್ದೆಗೆ ಇಳಿಯುವುದಿಲ್ಲ ಎಂದು ಅನುಭವಸ್ಥರು ದೂರುತ್ತಾರೆ, ಎಎಸ್‌ಎಂ1166 ಇದ್ದರೆ ಇಳಿಯುತ್ತದೆ. ಬೆರಳುದ್ದದ ಕಾರ್ಡು, ವರ್ಷದ ಬಿಲ್ಲನ್ನೇ ಬದಲಿಸುತ್ತದೆ.

ಇನ್ನು ಸದ್ದಿನ ಮಾತು. ಬೆಂಗಳೂರಿನ ಕೋಣೆಯಲ್ಲಿ ತಮ್ಮ ಕೂಲರಿನ ಗಾಳಿ ರಸ್ತೆಯ ಗದ್ದಲದಲ್ಲಿ ಮುಳುಗಿ ಹೋಗುತ್ತದೆ, ತಾವು ಸೌಮ್ಯರೆಂದು ಹೆಸರಾಗುತ್ತದೆ. ತಂಬೂರದಲ್ಲಿ ರಾತ್ರಿ ಒಂಬತ್ತರ ಮೇಲೆ ಪಕ್ಕದ ಮನೆಯವರ ಗಡಿಯಾರ ಕೇಳುತ್ತದೆ. ಪರೀಕ್ಷೆಗೆಂದು ಒಂದು ಹಳೆಯ ಕಂಪ್ಯೂಟರ್ ರಾತ್ರಿಯಿಡೀ ಚಾಲೂ ಬಿಟ್ಟಿದ್ದೆ. ಬೆಳಿಗ್ಗೆ ಅವ್ವ, "ಅದೇನ ಪೆಟಗಿ ಇಡೀ ರಾತ್ರಿ ಗುಂಯ್ ಅಂತೈತೊ, ಯಾವುದರ ಹುಳ ಹೊಕ್ಕೈತೇನ ನೋಡು" ಅಂದಳು. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ, ದೊಡ್ಡ ಫ್ಯಾನ್ ನಿಧಾನ ತಿರುಗಲಿ ಎಂಬ ಉಪಾಯ ಹುಟ್ಟಿದ್ದು ಅಲ್ಲಿಂದ. ಆದರೆ ಫ್ಯಾನಿಗೆ ಇನ್ನೊಂದು ಚಾಳಿ ಇದೆ. ಗೊಂಜಾಳದ ರಾಶಿ ನಡೆಯುವ ದಿನಗಳಲ್ಲಿ ಅಂಗಳದ ಹೊಟ್ಟು, ಧೂಳು ಎಲ್ಲವನ್ನೂ ಎಳೆದು ಒಳಗೆ ತುಂಬಿಕೊಳ್ಳುತ್ತದೆ, ಮರುತಿಂಗಳು ಬೇರಿಂಗ್ ಕರಕರ ಎನ್ನುತ್ತದೆ. ಫ್ಯಾನೇ ಇಲ್ಲದಿದ್ದರೆ ಎರಡೂ ಕಾಟವಿಲ್ಲ.

ಆಯ್ಕೆಯಾದವರ ಹೆಸರು ಹೇಳಿದರೆ ತಮಗೆ ಸಿಟ್ಟು ಬರಬಹುದು. 2023ರ ಆರಂಭದಲ್ಲಿ ಬಂದ ತಮ್ಮ ಮನೆತನದ ಕಿರಿಯ, ಇಂಟೆಲ್ ಎನ್100. ನಾಲ್ಕೇ ಕೋರು, 6 ವ್ಯಾಟಿನ ಗುರುತು. ಬೋರ್ಡಿಗೆ ಬೆಸುಗೆ ಹಾಕಿಸಿಕೊಂಡೇ ಬರುವವ, ಅದಕ್ಕೆ ಬೋರ್ಡು ಬೇರೆ ಪ್ರೊಸೆಸರ್ ಬೇರೆ ಎಂಬ ಜಗಳವಿಲ್ಲ. ಬೋರ್ಡು ಆಸ್‌ರಾಕ್‌ನ ಎನ್100ಡಿಸಿ-ಐಟಿಎಕ್ಸ್, 17 ಸೆಂಟಿಮೀಟರಿನ ಚೌಕ. 2001ರಲ್ಲಿ ವಿಯಾ ಕಂಪನಿ ಹಾಕಿಕೊಟ್ಟ ಮಿನಿ-ಐಟಿಎಕ್ಸ್ ಅಳತೆ ಅದು, ಗೋಡೆಯ ಮಾಡಿನಲ್ಲಿ ಅಡ್ಡಡ್ಡ ಹಿಡಿಸುತ್ತದೆ. ಮೈಮೇಲೆ ಫ್ಯಾನಿಲ್ಲ, ಅಲ್ಯೂಮಿನಿಯಂ ಪಟ್ಟಿಗಳಷ್ಟೇ. ಅಂಗಡಿಯಲ್ಲೇ ಮನಸ್ಸು ಗೆದ್ದದ್ದು ಅದರ ಹಿಂಬದಿಯ ದುಂಡು ಕಿಂಡಿ: 19 ವೋಲ್ಟಿನ ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದರೆ ಸಾಕು, ಪವರ್ ಸಪ್ಲೈ ಡಬ್ಬಿಯೇ ಬೇಡ. ಎಸ್‌ಎಸ್‌ಡಿ ಒಂದನ್ನೇ ಹಾಕಿದರೆ ಸುಮ್ಮನೆ ಕೂತಾಗಿನ ಒಟ್ಟು ಊಟ ಹತ್ತು ವ್ಯಾಟಿನೊಳಗೆ.

ಅವನಲ್ಲಿ ಕೊರತೆ ಇಲ್ಲವೆಂದಲ್ಲ. ಸಾಟಾ ಕಿಂಡಿ ಎರಡೇ. ಮೆಮೊರಿ ಒಂದೇ ಚಾನೆಲ್, ಇಂಟೆಲ್ ಲೆಕ್ಕದಲ್ಲಿ 16 ಜಿಬಿಗೆ ಮಿತಿ. ತಪ್ಪು ತಿದ್ದಿಕೊಳ್ಳುವ ಇಸಿಸಿ ಮೆಮೊರಿ ಅವನಿಗೆ ಒಗ್ಗದು. ತಮಗೆ ಒಗ್ಗುತ್ತದೆ, ಆದರೆ ಡಬ್ಲ್ಯು680 ಚಿಪ್‌ಸೆಟ್ಟಿನ ಬೋರ್ಡ್ ಕೊಡಿಸಿದರೆ ಮಾತ್ರ, ಅದರ ಬೆಲೆಗೆ ಒಂದು ಆಕಳು ಬಂದೀತು. ವಾಟ್ನಿ ಪತ್ರದ ಇನ್ನೊಂದು ಪ್ರತಿ ಪುಣೆಯಲ್ಲಿ ತಮ್ಮನ ಮನೆಯ ಡಿಸ್ಕಿನಲ್ಲಿ ಇರುವುದು ಇಸಿಸಿಗಿಂತ ಭದ್ರ ಎಂದು ನಾನು ನಂಬಿದವನು. ದೊಡ್ಡ ಹಾರ್ಡ್ ಡಿಸ್ಕ್ ಹಾಕಿದರೆ ಅದು ತಿರುಗುವಾಗ ನಾಲ್ಕೈದು ವ್ಯಾಟ್ ಬೇರೆ ಕೇಳುತ್ತದೆ, ಕಟ್ಟಿಗೆಯ ಹಲಗೆಯ ಮೇಲಿಟ್ಟರೆ ಹಲಗೆಯೇ ಗುಯ್‌ಗುಡುತ್ತದೆ. ಸೈಕಲ್ ಟ್ಯೂಬಿನ ನಾಲ್ಕು ತುಂಡು ಕೆಳಗಿಟ್ಟ ಮೇಲೆ ಸುಮ್ಮನಾಯಿತು. ಇನ್ನೊಂದು ಅಪಾಯ ಅವ್ವನ ಕ್ರೋಶಾ ಬಟ್ಟೆ. ಟಿವಿ, ಮಿಕ್ಸರು, ಕಡೆಗೆ ವೈಫೈ ಡಬ್ಬಿಗೂ ಮುಸುಕು ಹಾಕಿದ್ದಾಳೆ. ಫ್ಯಾನಿಲ್ಲದವನಿಗೆ ಮುಸುಕು ಹಾಕಿದರೆ ಏಪ್ರಿಲ್‌ನಲ್ಲಿ ಬೆಂದು ಹೋಗುತ್ತಾನೆ. ಅವನಿಗೆ ಸೆಕಿ ತಡೆಯದು ಎಂದು ಹೇಳಿ ಒಪ್ಪಿಸಿದ್ದೇನೆ.

ಮೇಲಾಗಿ ಕರೆಂಟು. ಹೋಗುತ್ತದೆ, ಬರುತ್ತದೆ. ಇನ್ವರ್ಟರಿನ ಹಿಂದಿನ ಗುಂಡಿಯನ್ನು ಯುಪಿಎಸ್ ಕಡೆ ತಿರುಗಿಸಿದ್ದರೆ ಕಂಪ್ಯೂಟರ್‌ಗೆ ಕರೆಂಟು ಹೋದದ್ದೇ ತಿಳಿಯದು. ಬ್ಯಾಟರಿಯೂ ಬಸವಳಿದ ದಿನ ಎಲ್ಲ ಆರಿ, ನಡುರಾತ್ರಿ ಕರೆಂಟು ಮರಳಿದಾಗ ಗುಂಡಿ ಒತ್ತಲು ಯಾರು ಏಳಬೇಕು? ಬೋರ್ಡಿನ ಬಯಾಸ್ ಸೆಟ್ಟಿಂಗಿನಲ್ಲಿ ಅದಕ್ಕೊಂದು ಕಲಂ ಇರುತ್ತದೆ, ಕರೆಂಟು ಬಂದೊಡನೆ ತಾನೇ ಎದ್ದು ಕೆಲಸಕ್ಕೆ ಕೂರುವಂತೆ ಮಾಡುವುದು. ಬೋರ್ಡು ಕೊಳ್ಳುವವರು ಬಣ್ಣದ ದೀಪ ಕೇಳುವ ಬದಲು ಇದನ್ನು ಕೇಳಿದರೆ ಒಳ್ಳೆಯದು.

ಊರಿನ ಅಭಿಮಾನ ತೋರಿಸಿಯೂ ನಮ್ಮ ಮನವೊಲಿಸಬೇಡಿ. ತಮ್ಮ ಕುಲದ ಡನಿಂಗ್‌ಟನ್, 2008ರ ಆರು ಕೋರಿನ ಜಿಯಾನ್ 7400, ಬೆಂಗಳೂರಿನ ಇಂಟೆಲ್ ತಂಡವೇ ರೂಪಿಸಿದ್ದು. ಕನ್ನಡ ನಾಡಿನ ಕೂಸು ಎಂದು ಹೆಮ್ಮೆಪಟ್ಟೆವು. ಅದರ ಹಿರೀಕನ ಊಟ 130 ವ್ಯಾಟ್ ಎಂದು ಓದಿ ಹೆಮ್ಮೆಯನ್ನು ಅಲ್ಲಿಗೇ ನಿಲ್ಲಿಸಿದೆವು. ಆನ್‌ಲೈನಿನಲ್ಲಿ ಅಗ್ಗಕ್ಕೆ ಮಾರುವ ಹಳೆಯ ಜಿಯಾನ್‌ಗಳಿಗೂ ಇದೇ ಉತ್ತರ. ಕೊಳ್ಳುವಾಗ ಅಗ್ಗ, ಕೂರಿಸಿದಾಗ ತುಟ್ಟಿ.

ತಾವು ಬೇಸರಿಸಬಾರದು. ಹುಬ್ಬಳ್ಳಿಯಲ್ಲಿ ಮದುವೆ ವಿಡಿಯೊ ಮಾಡುವ ನನ್ನ ಗೆಳೆಯನೊಬ್ಬನಿದ್ದಾನೆ. ಲಗ್ನದ ಸೀಸನ್ನಿನಲ್ಲಿ ಅವನಿಗೆ ನಿದ್ದೆ ಇಲ್ಲ, ಅವನ ಕಂಪ್ಯೂಟರಿಗೂ ಇಲ್ಲ. 24 ಕೋರೂ ಬೆವರುವಷ್ಟು ಅಕ್ಷತೆ ಕಾರ್ಯಕ್ರಮಗಳು ಅಲ್ಲಿ ಕಾದಿವೆ, ಎ.ಸಿ. ಕೂಡ ಉಂಟು. ತಮ್ಮ ಹೆಸರು ಹೇಳಿ ಬಂದಿದ್ದೇನೆ. ಹೋಗುವ ಮುಂಚೆ ಬಯಾಸ್ ಅಪ್‌ಡೇಟ್ ಮಾಡಿಸಿಕೊಳ್ಳಿ. 2024ರಲ್ಲಿ ತಮ್ಮ ತಲೆಮಾರಿನವರಿಗೆ ವೋಲ್ಟೇಜ್ ಏರಿ ಬಂದ ಬೇನೆಗೆ ಇಂಟೆಲ್ ಔಷಧ ಕೊಟ್ಟದ್ದು ಅದರಲ್ಲೇ, ಜೊತೆಗೆ ಎರಡು ವರ್ಷ ಹೆಚ್ಚಿನ ವಾರಂಟಿಯನ್ನೂ ಘೋಷಿಸಿತ್ತು. ಬಿಲ್ ಜೋಪಾನ ಇಟ್ಟುಕೊಳ್ಳಲು ಗೆಳೆಯನಿಗೆ ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಂಬೂರದ ಒಬ್ಬ ಗ್ರಾಹಕ