ಅರ್ಕಾವತ್ತಿಗಾಗಿ ಒಂದು ಅರ್ಜಿ

ಬಿಡುಗಡೆ ಮ್ಯಾನೇಜರ್ ಸಾಹೇಬರಿಗೆ,



ನಾನು ಗಬ್ಬೂರ ಕ್ರಾಸಿನಲ್ಲಿ ಝೆರಾಕ್ಸ್, ಲ್ಯಾಮಿನೇಷನ್, ಲಗ್ನಪತ್ರಿಕೆ ಅಂಗಡಿಯವ. ನೀವು ಪುಕ್ಕಟೆ ಹಂಚುವ ತಂತ್ರಾಂಶದ ಮೇಲೆ ಹನ್ನೊಂದು ವರ್ಷದಿಂದ ನಮ್ಮ ಮನೆ ನಡೆದಿದೆ. ದಾನದ ಆಕಳ ಹಲ್ಲು ಎಣಿಸಬಾರದು ಅಂತ ನಮ್ಮವ್ವ ಹೇಳುತ್ತಿದ್ದಳು. ಎಣಿಸುತ್ತಿಲ್ಲ ಸಾಹೇಬ್ರ, ಅಲುಗಾಡುವ ಒಂದೇ ಹಲ್ಲು ತೋರಿಸುತ್ತೇನೆ.

ಕಳೆದ ಲಗ್ನಸರಾಯಿಯಲ್ಲಿ ಹೊಸ ಆವೃತ್ತಿ ಹಾಕಿಕೊಂಡೆ. ವರನ ತಂದೆಯ ಹೆಸರಿನಲ್ಲಿ ‘ಸೂರ್ಯ’ ಇತ್ತು. ಪರದೆ ಮೇಲೆ ಚೊಕ್ಕಾಗಿಯೇ ಇತ್ತು. ಪಿಡಿಎಫ್ ಮಾಡಿ ಪ್ರೆಸ್ಸಿಗೆ ಕಳಿಸಿ 300 ಪತ್ರಿಕೆ ತಂದರೆ, ಅರ್ಕಾವತ್ತು ‘ಯ’ವನ್ನು ಬಿಟ್ಟು ಓಡಿಹೋಗಿ, ಅದರ ಜಾಗದಲ್ಲಿ ಚುಕ್ಕಿಚುಕ್ಕಿಯ ಒಂದು ಸೊನ್ನೆ ಕೂತಿತ್ತು. ಬೀಗರು ಪತ್ರಿಕೆಯನ್ನು ಹಣೆಗೆ ಹಚ್ಚಿಕೊಂಡು ತೆರೆದರು, ನೋಡಿದರು, “ಏನ್ರೀ, ನಮ್ಮ ಸೂರ್ಯಗ ಗ್ರಹಣ ಹಿಡಿಸೀರಲ್ರೀ?” ಅಂದರು.

ನಿಮಗೆ ಬರೆದೆ. “ತೀವ್ರತೆ: ನಾರ್ಮಲ್. ಮುಂದಿನ ಬಿಡುಗಡೆಯಲ್ಲಿ ನೋಡೋಣ” ಅಂತ ಉತ್ತರ ಬಂತು. ಅದೇ ಬಿಡುಗಡೆಯಲ್ಲಿ, ಮೂರು ಮಾನಿಟರ್ ಜೋಡಿಸಿಕೊಂಡವರಿಗೆ ಮೆನು ಎರಡು ಎಳೆ ಓರೆಯಾಗಿ ಕಾಣುತ್ತಿದ್ದ ಸಂಕಟ ಪರಿಹಾರವಾಗಿದೆ. ಸಂತೋಷ. ಗಬ್ಬೂರಿನಲ್ಲಿ ಮೂರು ಮಾನಿಟರ್ ಇಟ್ಟವರು ಯಾರಾದರೂ ಸಿಕ್ಕರೆ ಮೊದಲು ಅವರಿಗೇ ಪೇಢೆ ಕೊಡುತ್ತೇನೆ.

ತೀವ್ರತೆ ಎಂದರೇನು ಅಂತ ಹುಡುಕಿದೆ. ನಿಮ್ಮಂತೆಯೇ ಪುಕ್ಕಟೆ ತಂತ್ರಾಂಶ ಹಂಚುವ ಡೆಬಿಯನ್‌ನವರ ಪಟ್ಟಿ ಸಿಕ್ಕಿತು. ಅವರಲ್ಲಿ ಕ್ರಿಟಿಕಲ್, ಗ್ರೇವ್, ಸೀರಿಯಸ್ ದರ್ಜೆಯ ಬಗ್‌ಗಳಿಗೆ ಮಾತ್ರ ಬಿಡುಗಡೆಗೆ ಅಡ್ಡ ನಿಲ್ಲುವ ಅಧಿಕಾರ. ನಾಲ್ಕನೆಯದರ ಹೆಸರು ಇಂಪಾರ್ಟಂಟ್. ಹೆಸರೇ ಅದಾದರೂ ಅದಕ್ಕೆ ತಡೆಯುವ ತಾಕತ್ತಿಲ್ಲ. ನಾರ್ಮಲ್ ಅದಕ್ಕಿಂತ ಕೆಳಗೆ. ಕಂಪ್ಯೂಟರ್ ಕುಸಿದರೆ, ಕಡತ ಅಳಿಸಿಹೋದರೆ ನಿಮಗೆ ಎಚ್ಚರವಾಗುತ್ತದೆ. ಅರ್ಕಾವತ್ತು ಬಿದ್ದರೆ ಸಪ್ಪಳ ಆಗುವುದಿಲ್ಲ ನೋಡ್ರಿ.

ಈ ಲೆಕ್ಕ ನಮಗೆ ಹೊಸದಲ್ಲ. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ಇದೆಯಲ್ಲ, ಆಚೆಈಚೆ ಹೆದ್ದಾರಿ ಅಗಲವಾದರೂ ಇದು ಮಾತ್ರ ಎರಡೇ ಪಥವಾಗಿ ವರ್ಷಗಟ್ಟಲೆ ಉಳಿದಿತ್ತು. ಎಲ್ಲರಿಗೂ ಗೊತ್ತಿದ್ದ ಬಗ್. 2021ರ ಜನವರಿಯಲ್ಲಿ ಇಟ್ಟಿಗಟ್ಟಿ ಬಳಿ ದಾವಣಗೆರೆಯ ಗೆಳತಿಯರ ವಾಹನಕ್ಕೆ ಆದ ಅಪಘಾತ ಇಡೀ ನಾಡಿಗೆ ಗೊತ್ತು. ಆರು ಪಥಕ್ಕೆ ಶಂಕುಸ್ಥಾಪನೆ ಆದದ್ದು ಮರುವರ್ಷ, 2022ರ ಫೆಬ್ರುವರಿಯಲ್ಲಿ. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯಲಾರೆ.

ಇನ್ನು ನಿಮ್ಮ ಕಡೆಯ ಮಾತು. ಯಾವನೋ ಪುಣ್ಯಾತ್ಮ ಹುಡುಗ ಬಿಡುಗಡೆಗೆ ವಾರವಿರುವಾಗ ನಮ್ಮ ಅರ್ಕಾವತ್ತಿಗೆ ಮದ್ದು ಕಳಿಸಿದ್ದ. ‘ಫ್ರೀಜ್ ಆಗಿದೆ, ಇನ್ನು ಹೊಸ ಬದಲಾವಣೆ ಇಲ್ಲ’ ಅಂತ ನೀವು ವಾಪಸ್ ಮಾಡಿದಿರಿ. ನನಗೆ ಫ್ರಿಜ್ ಎಂದರೆ ನೀರಿನ ಬಾಟಲಿ ಇಡುವ ಪೆಟ್ಟಿಗೆ. ಸಿಟ್ಟು ನೆತ್ತಿಗೇರಿತು. ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗನನ್ನು ಹಿಡಿದು, ಅದೇ ಮದ್ದನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿಸಿದೆ. ಸೂರ್ಯ ಮೂಡಿದ! ಮರುದಿನ ಟ್ಯೂಷನ್‌ನವರ ಬ್ಯಾನರ್ ಬಂತು. ಅದರಲ್ಲಿದ್ದ ಎಲ್ಲ ‘ರ‍್ಯಾಂಕ್’ಗಳೂ ‘ರ್ಯಾಂಕ್’ ಆಗಿ ಕೂತಿದ್ದವು.

ಅಕ್ಕನ ಮಗ ಬಿಡಿಸಿ ಹೇಳಿದ. ರ‍್ಯಾಂಕ್‌ನ ‘ರ’ ಪೂರ್ತಿ ಉಳಿಯಬೇಕಾದರೆ ಅದರ ಮುಂದೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಿ, ಆಮೇಲೆ ಹಲಂತ ಹಾಕಬೇಕು. ಅದು ಯೂನಿಕೋಡ್ ಶಾಸ್ತ್ರ. ಹಲಂತ ಮೊದಲು, ಜೋಡಕ ಆಮೇಲೆ ಎಂಬುದು ಹಳೆಯ ರೂಢಿ. ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆ ಆಫೀಸ್‌ಗಳಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಝ್‌ನಲ್ಲಿ, ಈ ಎರಡನ್ನೂ ಒಂದೇ ಎಂದು ತಿಳಿಯುವಂತೆ ಕನ್ನಡಕ್ಕೆಂದೇ ಒಂದು ನಿಯಮ ಬರೆದಿದ್ದಾರಂತೆ. ಆ ಪುಣ್ಯಾತ್ಮನ ಮದ್ದಿಗೆ ಇದ್ಯಾವುದೂ ಗೊತ್ತಿರಲಿಲ್ಲ. ನೀವು ಬೇಡ ಅಂದದ್ದು ಸರಿಯೇ ಇತ್ತು. ಎಲ್ಲ ಬಗ್ ಹರಿಯಲಿ ಅಂತ ಕೂತರೂ ಕಷ್ಟ: ಡೆಬಿಯನ್‌ನವರ ‘ವುಡಿ’ ಆವೃತ್ತಿ ಬಂದದ್ದು 2002ರ ಜುಲೈಯಲ್ಲಿ, ಮುಂದಿನ ‘ಸಾರ್ಜ್’ ಬಂದದ್ದು 2005ರ ಜೂನ್‌ನಲ್ಲಿ. ಅಷ್ಟರಲ್ಲಿ ಮದುಮಕ್ಕಳ ಮಕ್ಕಳು ಅಂಗನವಾಡಿ ಸೇರಿರುತ್ತಾರೆ.

“ಮಾಮಾ, ಆರ್‌ಸಿ ಬಂದಾಗ ನೀವು ಹಾಕಿ ನೋಡಿದ್ರೇನು?” ಅಂದ ಅಕ್ಕನ ಮಗ. ಆರ್‌ಸಿ ಗಾಡಿ ಡಿಕ್ಕಿಯಲ್ಲೇ ಇದೆ ಅಂದೆ. ಅದು ರಿಲೀಸ್ ಕ್ಯಾಂಡಿಡೇಟ್ ಅಂತೆ. ಬಿಡುಗಡೆಗೆ ಮುಂಚೆ ಜನ ಬಳಸಿ ತಪ್ಪು ಹೇಳಲಿ ಅಂತ ಬಿಡುವ ಪ್ರತಿ. ಹನ್ನೊಂದು ವರ್ಷದಲ್ಲಿ ನಾನು ಒಂದನ್ನೂ ತೆರೆದಿಲ್ಲ. ನಿಮಗೆ ಕಳಿಸಿದ್ದ ಪುರಾವೆಯೂ ಮೊಬೈಲಿನಲ್ಲಿ ಓರೆಯಾಗಿ ತೆಗೆದ ಪತ್ರಿಕೆಯ ಫೋಟೋ, ಅದರ ಮೂಲೆಯಲ್ಲಿ ನನ್ನ ಹೆಬ್ಬೆರಳು. ಫಾಂಟ್ ಯಾವುದು, ಆವೃತ್ತಿ ಯಾವುದು, ಒಂದೂ ಬರೆದಿರಲಿಲ್ಲ.

ಆದ್ದರಿಂದ ಈ ಪತ್ರಕ್ಕೆ ಒಂದು ಕಡತ ಲಗತ್ತಿಸಿದ್ದೇನೆ. ಸೂರ್ಯ, ರ‍್ಯಾಂಕ್, ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಜ್ಞಾನ, ಅರ್ಘ್ಯ: ನಮ್ಮ ಅಂಗಡಿಯಲ್ಲಿ ದಿನಾ ಬೀಳುವ ಶಬ್ದಗಳು. ಬಿಡುಗಡೆಗೆ ಮುಂಚೆ ನಿಮ್ಮ ಯಂತ್ರ ಏನೇನೋ ಪರೀಕ್ಷೆ ನಡೆಸುತ್ತದಲ್ಲ, ಅದರೊಳಗೆ ಇವನ್ನೂ ಸೇರಿಸಿ. ಯಾವ ಮದ್ದನ್ನು ಒಳಗೆ ಬಿಡುತ್ತೀರೋ ಯಾವುದನ್ನು ಹೊರಗೆ ನಿಲ್ಲಿಸುತ್ತೀರೋ ನಿಮಗೆ ಬಿಟ್ಟದ್ದು. ಇವುಗಳಲ್ಲಿ ಒಂದು ಶಬ್ದ ಮುರಿದರೂ ಅದನ್ನು ‘ನಾರ್ಮಲ್’ ಅನ್ನಬೇಡಿ. ಮುಂದಿನ ಆರ್‌ಸಿಯನ್ನು ಷಟರ್ ಎಳೆದ ಮೇಲೆ ನಾನೇ ಹಾಕಿ ನೋಡುತ್ತೇನೆ.

ಆ ಲಗ್ನ ಸುಸೂತ್ರವಾಗಿ ಆಯಿತು. 300 ಪತ್ರಿಕೆಗಳಲ್ಲೂ ಸೊನ್ನೆ ಕೆರೆದು ಕಪ್ಪು ಪೆನ್ನಿನಿಂದ ಅರ್ಕಾವತ್ತು ತಿದ್ದಿದವ ನಾನೇ. ರಾತ್ರಿ ಎರಡಾಗಿತ್ತು.

ಇಂತಿ,
ಗಬ್ಬೂರ ಕ್ರಾಸಿನ ಝೆರಾಕ್ಸ್ ಅಂಗಡಿಯವ