ಚರ್ಮಪುರಿ ಮಾಹಾತ್ಮ್ಯೆ ಅಥವಾ ಲೇಸರಿನ ಪೂರ್ವೋತ್ತರ ಮೀಮಾಂಸೆ

ಲೋಕದ ಸಕಲ ವಿದ್ಯೆಗಳೂ ತಮ್ಮ ತಾಲ್ಲೂಕಿನಲ್ಲೇ ಹುಟ್ಟಿದವೆಂದು ಸಾಧಿಸುವುದು ಸ್ಥಳೀಯ ಸಂಶೋಧಕರ ಆದ್ಯ ಕರ್ತವ್ಯ. ಮುಖಕ್ಕೆ ಲೇಸರ್ ಹೊಡೆಸಿಕೊಳ್ಳುವ ಮುನ್ನ ಮತ್ತು ಹೊಡೆಸಿಕೊಂಡ ಮೇಲೆ ಚರ್ಮ ಕಾಪಾಡಿಕೊಳ್ಳುವ ಶಾಸ್ತ್ರ ಹುಟ್ಟಿದ್ದು ಧರ್ಮಪುರಿಗೂ ಸೇಲಂಗೂ ನಡುವಿನ ತೊಪ್ಪೂರು ಘಟ್ಟದ ಆಸುಪಾಸಿನಲ್ಲಿ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಮೊದಲ ಲೇಸರ್ ಬೆಳಗಿದ್ದು 1960ರ ಮೇ 16ರಂದು, ಅಮೆರಿಕದ ಮಾಲಿಬುವಿನಲ್ಲಿ, ಥಿಯೋಡರ್ ಮೈಮನ್ ಇಟ್ಟ ಮಾಣಿಕ್ಯದ ಕಡ್ಡಿಯಿಂದ ಎಂದು ಪೂರ್ವಪಕ್ಷದವರು ಆಕ್ಷೇಪ ತೆಗೆಯುತ್ತಾರೆ. ಇರಲಿ. ಯಂತ್ರ ಅಲ್ಲಿ ಹುಟ್ಟಿತು. ಶಾಸ್ತ್ರ ಇಲ್ಲಿ ಮೊದಲೇ ಹುಟ್ಟಿ ಯಂತ್ರ ಬರಲೆಂದು ಕಾಯುತ್ತಿತ್ತು.

ಪ್ರಮಾಣಗಳನ್ನು ನೋಡೋಣ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಅದನ್ನಾಳಿದ ಅದಿಯಮಾನ್ ನೆಡುಮಾನ್ ಅಂಜಿ ತನಗೆ ದಕ್ಕಿದ ಆಯುಸ್ಸು ಹೆಚ್ಚಿಸುವ ನೆಲ್ಲಿಕಾಯಿಯನ್ನು ತಾನು ತಿನ್ನದೆ ಕವಯಿತ್ರಿ ಔವೈಯಾರ್‌ಗೆ ಕೊಟ್ಟ ಸಂಗತಿ ಸಂಗಂ ಸಾಹಿತ್ಯದಲ್ಲಿದೆ. ನೆಲ್ಲಿಯಲ್ಲಿ ಸಿ ಜೀವಸತ್ವ ಹೇರಳ. ಇಂದು ಮುಖಕ್ಕೆ ಹಚ್ಚುವ ಸೀರಮ್ ಬಾಟಲಿಗಳ ಮೇಲೂ ಅದರದೇ ಹೆಸರು. ಆದ್ದರಿಂದ ಮುಪ್ಪು ತಡೆಯುವ ಸಾಮಗ್ರಿಯ ಮೊದಲ ಉಚಿತ ಸ್ಯಾಂಪಲ್ ಹಂಚಿಕೆಯಾದದ್ದು ಈ ಜಿಲ್ಲೆಯಲ್ಲಿ. ಆದರೆ ಐತಿಹ್ಯದ ಔವೈ ಮದುವೆ ತಪ್ಪಿಸಿಕೊಳ್ಳಲು ಗಣಪತಿಯನ್ನು ಬೇಡಿ ಹರೆಯದಲ್ಲೇ ಮುದುಕಿಯಾದವರಲ್ಲವೆ ಎಂದರೆ, ಹೌದು. ಒಂದೇ ಸಿಟ್ಟಿಂಗಿನಲ್ಲಿ, ಮರಗಟ್ಟಿಸುವ ಕ್ರೀಮಿಲ್ಲದೆ, ಕೇಳಿದಷ್ಟೂ ಫಲ ಸಿಕ್ಕ ಕೇಸು ಅದೊಂದೇ. ಔವೈ ಎಂಬ ಹೆಸರಿನವರು ಹಲವರಿದ್ದರೆಂಬ ಪಂಡಿತರ ತಕರಾರನ್ನು ಇಲ್ಲಿ ಗಣಿಸಿಲ್ಲ. ಗಣಿಸಿದರೆ ಪ್ರಬಂಧ ನಿಲ್ಲುವುದಿಲ್ಲ.

ಇದನ್ನು ಕನ್ನಡದಲ್ಲಿ ಬರೆಯುವ ಹಕ್ಕು ಎಲ್ಲಿಂದ ಬಂತು? ಒಂಬತ್ತನೇ ಶತಮಾನದಲ್ಲಿ ತಗಡೂರನ್ನು ಆಳಿದ ನೊಳಂಬರು ಅಲ್ಲಿ ಕನ್ನಡ ಶಾಸನ ಹಾಕಿಸಿದ್ದಾರೆ. ಅವುಗಳಲ್ಲಿ ಸನ್‌ಸ್ಕ್ರೀನಿನ ಪ್ರಸ್ತಾಪ ಬರುವುದಿಲ್ಲ. ಮನೆಮನೆಯಲ್ಲೂ ಇದ್ದ ವಸ್ತುವನ್ನು ಯಾರಾದರೂ ಕಲ್ಲಿನ ಮೇಲೆ ಕೆತ್ತಿಸುತ್ತಾರೆಯೆ?

ಇನ್ನು ಘಟ್ಟದ ಪ್ರಮಾಣ, ಇದೇ ನಿರ್ಣಾಯಕ. ಬೆಂಗಳೂರಿನಿಂದ ಬರುವ 44ನೇ ರಾಷ್ಟ್ರೀಯ ಹೆದ್ದಾರಿ ತೊಪ್ಪೂರಿನಲ್ಲಿ ಕಾಡಿನ ನಡುವೆ ಸೇಲಂ ಕಡೆಗೆ ಇಳಿಜಾರಾಗುತ್ತದೆ. ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ ಹಾಕಿ ಇಳಿಸಿದ ಲಾರಿಯ ಬ್ರೇಕು ಕಾದು ಹಿಡಿತ ಬಿಡುತ್ತದೆ. ಬಲ್ಲ ಡ್ರೈವರಣ್ಣ ಮೇಲಿನಿಂದಲೇ ಲೋ ಗೇರಿಗೆ ಹಾಕಿಕೊಳ್ಳುತ್ತಾನೆ. 1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ‘ಸೈನ್ಸ್’ ಪತ್ರಿಕೆಯಲ್ಲಿ ಲೇಸರಿನ ಬಿಸಿಯ ಬಗ್ಗೆ ಬರೆದದ್ದು ಇದನ್ನೇ. ಗುರಿ ಮಾತ್ರ ಹೀರುವಂಥ ಬೆಳಕನ್ನು ಆರಿಸಿ, ಅದರ ಬಿಸಿ ಪಕ್ಕಕ್ಕೆ ಹರಿಯುವ ಮುಂಚೆ ಹೊಡೆತ ಮುಗಿಸಿದರೆ ಗುರಿ ಸುಡುತ್ತದೆ, ಸುತ್ತಲಿನದು ಉಳಿಯುತ್ತದೆ. ತೊಡಕೇನೆಂದರೆ ಕೂದಲನ್ನು ಸುಡಬೇಕಾದ ಬೆಳಕನ್ನು ಕಂದು ಚರ್ಮದ ಮೆಲನಿನ್ ದಾರಿಯಲ್ಲೇ ಹೀರಿ ತಾನೂ ಕಾಯುತ್ತದೆ. ಆದ್ದರಿಂದ ನಮ್ಮಂಥವರಿಗೆ ಆಳಕ್ಕಿಳಿಯುವ 1064 ನ್ಯಾನೋಮೀಟರಿನ ಬೆಳಕು, ಜೊತೆಗೆ ಮೇಲೆ ತಂಪು. ಬಣ್ಣ ದಟ್ಟವಾದಷ್ಟೂ ಗೇರು ಕಮ್ಮಿ. 1975ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಎಂಬ ವೈದ್ಯರು ಚರ್ಮವನ್ನು ಬಿಸಿಲಿಗೆ ಕೆಂಪಾಗುವ, ಕಪ್ಪಾಗುವ ಗುಣದಿಂದ ವಿಂಗಡಿಸಿದಾಗ ಕಂದು ಮತ್ತು ಕಪ್ಪು ಚರ್ಮಕ್ಕೆ ಸ್ಥಾನವೇ ಇರಲಿಲ್ಲ. ಐದು, ಆರನೆಯ ವರ್ಗಗಳನ್ನು ಆಮೇಲೆ ಸೇರಿಸಿದರು. ನಮ್ಮ ವಧೂವರರ ಜಾಹೀರಾತು ಬರೆಯುವವರನ್ನು ಕೇಳಿದ್ದರೆ ಎಣ್ಣೆಗಪ್ಪು, ಗೋಧಿ ಬಣ್ಣ, ಸಾಧಾರಣ ಬಿಳುಪು ಎಂದು ಅಂದೇ ಒಂದು ಡಜನ್ ಮಾಡಿಕೊಡುತ್ತಿದ್ದರು.

ಪ್ರಯೋಗಕ್ಕೆ ಆರಿಸಿಕೊಂಡದ್ದು ತೊಪ್ಪೂರಿನ ಒಂದು ಕನ್ನಡ ಮನೆ. ಅಕ್ಕನಿಗೆ ಗಲ್ಲದ ಕೂದಲು, ತಂಗಿಗೆ ಕೆನ್ನೆಯ ಮೇಲೆ ಮೊಡವೆ ಬಿಟ್ಟುಹೋದ ಕುಳಿ, ಇಬ್ಬರ ಜೊತೆಗೆ ಸೋದರತ್ತೆ. ಮೂವರೂ ಸೇಲಂನ ಫೇರ್‌ಲ್ಯಾಂಡ್ಸ್ ಬಡಾವಣೆಗೆ ಹೋದರು. ಚರ್ಮದ ಡಾಕ್ಟರುಗಳಿಗೆ ಬೇರೆ ಯಾವ ಬಡಾವಣೆ ಒಪ್ಪೀತು?

ಪೂರ್ವಮೀಮಾಂಸೆ ಕರ್ಮಕಾಂಡ, ಇಲ್ಲಿ ವಿಧಿಗಿಂತ ನಿಷೇಧ ಜಾಸ್ತಿ. ಬಿಸಿಲಿಗೆ ಕಪ್ಪಾದ ಮುಖ ತೆಗೆದುಕೊಂಡು ಹೋಗಬಾರದು, ಅದಕ್ಕೆ ಕೆಲವು ವಾರ ಮುಂಚಿನಿಂದ ನೆರಳು ಹಿಡಿಯಬೇಕು. ಮೇ ತಿಂಗಳ ಅಗ್ನಿನಕ್ಷತ್ರದಲ್ಲಿ ತೊಪ್ಪೂರಿನಲ್ಲಿ ನೆರಳೂ ಬಿಸಿಯೇ, ಆದ್ದರಿಂದ ಮುಹೂರ್ತ ಮಾರ್ಗಶಿರಕ್ಕೆ ಬಿತ್ತು. ಬ್ಲೀಚು, ಸ್ಕ್ರಬ್ಬು ವರ್ಜ್ಯ. ರೆಟಿನಾಯ್ಡ್ ಕ್ರೀಮನ್ನು ಡಾಕ್ಟರು ಹೇಳಿದಷ್ಟು ದಿನ ಮೊದಲೇ ನಿಲ್ಲಿಸಬೇಕು. ಅಕ್ಕನಿಗೆ ಇನ್ನೊಂದು ಕಟ್ಟಳೆ: ವ್ಯಾಕ್ಸಿಂಗ್, ಥ್ರೆಡಿಂಗ್ ಕೂಡದು, ಬ್ಲೇಡಿನಿಂದ ಹೆರೆದುಕೊಳ್ಳಬಹುದು, ಏಕೆಂದರೆ ಬುಡದಲ್ಲಿ ಬೇರಿದ್ದರೆ ತಾನೆ ಸುಡುವುದಕ್ಕೆ. “ಕೂದಲು ತೆಗೆಸೋಕೆ ಹೋಗೋಳು ಕೂದಲು ಸಾಕ್ಕೊಂಡು ಹೋಗ್ಬೇಕಾ?” ಎಂದು ಅತ್ತೆ ಕೇಳಿದ ಪ್ರಶ್ನೆಗೆ ತರ್ಕಶಾಸ್ತ್ರ ಇನ್ನೂ ಉತ್ತರ ಹುಡುಕುತ್ತಿದೆ. ಬಿಳಿ ಕೂದಲಿಗೆ ಬಣ್ಣವಿಲ್ಲದ್ದರಿಂದ ಲೇಸರಿನ ದಂಡನೆಯಿಂದ ಪೂರ್ಣ ವಿನಾಯಿತಿ. ಹಿರಿತನಕ್ಕೆ ಇಂದಿಗೂ ಬೆಲೆ ಉಳಿದಿರುವ ಕ್ಷೇತ್ರ ಇದೊಂದು.

ಕರ್ಮಕಾಂಡದಲ್ಲಿ ಅತಿ ಕಠಿಣವಾದದ್ದು ಸತ್ಯವಚನ. ಗಾಯವಾದರೆ ಉಬ್ಬಿ ಗಂಟಾಗುತ್ತದೆಯೆ, ಜ್ವರದ ಗುಳ್ಳೆ ತುಟಿಯಂಚಿನಲ್ಲಿ ಏಳುತ್ತದೆಯೆ, ಮೊಡವೆಗೆ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಡಾಕ್ಟರು ತಂಗಿಯನ್ನು ಕೇಳಿದರು. ಉತ್ತರಿಸಿದ್ದು ಅತ್ತೆ.

“ಮುಖಕ್ಕೆ ಏನಾದ್ರೂ ಹಚ್ತಾ ಇದ್ದೀರಾ?”

“ಒಂದೂ ಇಲ್ಲ ಡಾಕ್ಟ್ರೇ. ನಮ್ ಹುಡುಗಿ ಒಂದೂ ಹಚ್ಚಲ್ಲ.”

ಈ ‘ಒಂದೂ ಇಲ್ಲ’ ಎಂಬ ಶೂನ್ಯವನ್ನು ವಿಶ್ಲೇಷಿಸಲಾಗಿ ಅದರಲ್ಲಿ ಕಸ್ತೂರಿ ಅರಿಶಿನ, ನಿಂಬೆರಸ, ಕಡಲೆಹಿಟ್ಟು ಮತ್ತು ಮೆಡಿಕಲ್ ಶಾಪಿನವನು ಚೀಟಿಯಿಲ್ಲದೆ ಕೊಟ್ಟ ಒಂದು ಸಣ್ಣ ಟ್ಯೂಬು ಕಂಡುಬಂದವು. ಟ್ಯೂಬಿನಲ್ಲಿದ್ದದ್ದು ಹೈಡ್ರೊಕ್ವಿನೋನ್, ಟ್ರೆಟಿನೋಯಿನ್, ಮೊಮೆಟಸೋನ್ ಎಂಬ ತ್ರಿಮೂರ್ತಿ. ಮೂರನೆಯದು ಸ್ಟೀರಾಯ್ಡ್. ಹಚ್ಚಿದ ಕೆಲವು ವಾರ ಮುಖ ಬೆಳ್ಳಗೆ ಮಿನುಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರ ಕಾಣಿಸುತ್ತದೆ, ಮೊಡವೆ ಏಳುತ್ತದೆ, ಬಿಟ್ಟರೆ ಉರಿಯುತ್ತದೆ. ದೇಶದ ಚರ್ಮವೈದ್ಯರು ವರ್ಷಗಳಿಂದ ಇದರ ವಿರುದ್ಧ ಕೂಗುತ್ತಿದ್ದಾರೆ. ಡಾಕ್ಟರು ಟ್ಯೂಬನ್ನು ಮೇಜಿನ ಮೇಲಿಟ್ಟು, ಇದರಿಂದ ಹೊರಗೆ ಬಂದ ಮೇಲೆ ಲೇಸರಿನ ಮಾತು ಎಂದರು. ಮುಹೂರ್ತ ಮತ್ತೆ ಮುಂದೆ ಹೋಯಿತು. ಹಣ ತೆಗೆದುಕೊಳ್ಳಲು ಆತುರಪಡದ ಈ ವೈದ್ಯರನ್ನು ಅತ್ತೆ ದಾರಿಯುದ್ದಕ್ಕೂ ಅನುಮಾನಿಸಿದರು.

ಅಂತೂ ಆ ದಿನ ಬಂತು. ಕುಳಿಗೆ ಬಳಸಿದ್ದು ಕಾರ್ಬನ್ ಡೈಆಕ್ಸೈಡ್ ಲೇಸರ್. ಅದನ್ನು 1964ರಲ್ಲಿ ಬೆಲ್ ಲ್ಯಾಬಿನಲ್ಲಿ ಮಾಡಿದವರು ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಅವರ ಹಿರಿಯರು ಎಂದಾದರೂ ತೊಪ್ಪೂರು ಘಟ್ಟ ದಾಟಿದ್ದರೆ ನಮ್ಮ ವಾದ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಈ ಬೆಳಕನ್ನು ಹೀರುವುದು ಚರ್ಮದೊಳಗಿನ ನೀರು. ಹೊಡೆತ ಬಿದ್ದಲ್ಲೆಲ್ಲ ಸೂಜಿಮೊನೆಯಂಥ ಗಾಯಗಳ ಸಾಲು, ನಡುನಡುವೆ ಮುಟ್ಟದೆ ಬಿಟ್ಟ ಚರ್ಮ. ವಾಸಿಮಾಡುವ ಕೆಲಸ ಆ ಬಿಟ್ಟ ಜಾಗದಿಂದ ಶುರು.

ಇಲ್ಲಿ ಬಸ್ಸಿನ ಆಸನ ನಿರ್ಣಯವೆಂಬ ಸ್ವತಂತ್ರ ಪ್ರಕರಣ ಬೇಕು. ಮಧ್ಯಾಹ್ನದ ಮೇಲೆ ಸೇಲಂನಿಂದ ಉತ್ತರಕ್ಕೆ ಹೊರಟ ಬಸ್ಸಿನಲ್ಲಿ ಪಡುವಣ ಬಿಸಿಲು ಎಡಗಡೆ. ಆದ್ದರಿಂದ ಹಸಿ ಕೆನ್ನೆಯವಳು ಬಲಗಡೆ ಕೂರತಕ್ಕದ್ದು. ಆದರೆ ಘಟ್ಟ ಹತ್ತುವಾಗ ತಿರುವಿಗೊಮ್ಮೆ ಬಿಸಿಲು ಪಕ್ಷಾಂತರ ಮಾಡುತ್ತದೆ. ಗಾಜು ಎಳೆದುಕೊಂಡರೆ ಸಾಲದು, ಬರೀ ಗಾಜು ನೇರಳಾತೀತ ಬಿ ಕಿರಣವನ್ನು ತಡೆದರೂ ಎ ಕಿರಣವನ್ನು ಒಳಗೆ ಬಿಡುತ್ತದೆ. ತಂಗಿ ದುಪ್ಪಟ್ಟಾ ಮುಸುಕು ಹಾಕಿಕೊಂಡು, ಕಿಟಕಿ ಬಿಟ್ಟು ನಡುವಿನ ದಾರಿಯ ಪಕ್ಕ ಕುಳಿತಳು. ಕಂಡಕ್ಟರು ಮುಸುಕಿನೊಳಗೆ ಇಣುಕಿ “ಎನ್ನಮ್ಮಾ, ಆಕ್ಸಿಡೆಂಟಾ?” ಎಂದು ತಮಿಳಿನಲ್ಲಿ ಕೇಳಿದ. ಅತ್ತೆ ಟಿಕೆಟ್ ದುಡ್ಡಿನ ಜೊತೆ ಆಗಿದ್ದನ್ನೆಲ್ಲ ಹೇಳಿದರು. ತೊಪ್ಪೂರಿನಲ್ಲಿ ಇಳಿಯುವಷ್ಟರಲ್ಲಿ ಬಸ್ಸಿನ ಮುಂಭಾಗ ಪೂರ್ತಿ ಮೊಡವೆಗೆ ಮದ್ದು ಸೂಚಿಸಿತ್ತು.

ಉತ್ತರಮೀಮಾಂಸೆಯ ಸಾರ ಸನ್ಯಾಸ, ಅಂದರೆ ಮುಖವನ್ನು ಅದರ ಪಾಡಿಗೆ ಬಿಡುವುದು. ಮೆದು ಸೋಪು, ತಣ್ಣೀರು, ವ್ಯಾಸಲೀನಿನಂಥ ಸಪ್ಪೆ ಲೇಪ, ಇಷ್ಟೇ. ಬಿಸಿನೀರು, ಒಲೆಯ ಝಳ, ಬೆವರು ಕೆಲವು ದಿನ ಬೇಡ. ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸಬಾರದು. ಎಬ್ಬಿಸಿದರೆ ಕುಳಿಯ ಜಾಗದಲ್ಲಿ ಕಪ್ಪು ಕಲೆ ಬರುತ್ತದೆ, ನಮ್ಮ ಚರ್ಮಕ್ಕೆ ಅದರ ಚಟ ಜಾಸ್ತಿ. ಕೀವು, ಗುಳ್ಳೆ, ಏರುವ ನೋವು ಕಂಡರೆ ಭಾಷ್ಯ ಬರೆಯುತ್ತ ಕೂರದೆ ಡಾಕ್ಟರಿಗೆ ಫೋನು ಮಾಡತಕ್ಕದ್ದು.

ಆದರೆ ಏನೂ ಮಾಡದಿರುವುದನ್ನು ಸಹಿಸುವ ಮನೆ ಆ ಸೀಮೆಯಲ್ಲಿಲ್ಲ. ನೋಡಲು ಬಂದವರು ಮೂರು ಪಂಥಗಳಾಗಿ ಒಡೆದರು. ಪಕ್ಕದ ಮನೆ ದೊಡ್ಡಮ್ಮ ಅರಿಶಿನ ಪಂಥ, ಚಿಕ್ಕಮ್ಮ ಲೋಳೆಸರ ಪಂಥ, ಮಾವನದು ತೆಂಗಿನೆಣ್ಣೆ ಅದ್ವೈತ. ಮಾರಿಯಮ್ಮನ ಹಬ್ಬದ ಅರಿಶಿನ ನೀರಿನಾಟಕ್ಕೆ ಹೋಗಲೇಬೇಕೆಂದು ನಾಲ್ಕನೆಯ ಧ್ವನಿಯೂ ಎದ್ದಿತು. ಅರಿಶಿನದ ಬಟ್ಟಲು ಹಿಡಿದು ಕೋಣೆಗೆ ಬಂದ ದೊಡ್ಡಮ್ಮನನ್ನು ಬಾಗಿಲಲ್ಲಿ ತಡೆದವರು, ಆಶ್ಚರ್ಯವೆಂದರೆ, ಅತ್ತೆ. “ಮೂರು ಸಲ ಬಸ್ ಚಾರ್ಜ್ ಕೊಟ್ಟಿದೀನಿ. ಮುಟ್ಟಿದ್ರೆ ನೋಡು!” ಶಾಸ್ತ್ರ ಉಳಿಯುವುದು ಶ್ರದ್ಧೆಯಿಂದಲೋ ಖರ್ಚಿನಿಂದಲೋ ಎಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಡ.

ಹಕ್ಕಳೆ ಉದುರಿ ಚರ್ಮ ಕೂಡಿಕೊಂಡ ಮೇಲೆ ಸನ್‌ಸ್ಕ್ರೀನ್. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಹಿಂಡಿದಷ್ಟು, ಹೊರಗಿದ್ದರೆ ಎರಡು ಗಂಟೆಗೊಮ್ಮೆ. ಈ ಬೆರಳು ಯಾರದು? ಹಚ್ಚಿಕೊಳ್ಳುವವರದು ಎಂದು ವೈದ್ಯಮತ. ದುಡ್ಡು ಕೊಟ್ಟವರದು, ಅದೂ ಕಿರುಬೆರಳು ಎಂದು ಅತ್ತೆಯ ಮತ. ಮನೆಯಲ್ಲಿ ಎರಡನೆಯದೇ ಊರ್ಜಿತವಾಯಿತು.

ಮುಂದಿನ ಸಿಟ್ಟಿಂಗಿಗೆ ಹೋದಾಗ ಅತ್ತೆ ಹುಡುಗಿಯರನ್ನು ಹೊರಗೆ ಕೂರಿಸಿ, ತಮ್ಮ ಕೆನ್ನೆಯ ಬಂಗನ್ನು ಮೆಲ್ಲಗೆ ಡಾಕ್ಟರ ಮುಂದಿಟ್ಟರು. ಬಂಗಿಗೆ ಲೇಸರಿನ ಆತುರ ಬೇಡಮ್ಮ, ಕೆಲವರಿಗೆ ಅದು ಮರುಕಳಿಸಿ ಇನ್ನೂ ಕಪ್ಪಾಗುತ್ತದೆ, ಮೊದಲು ದಿನವೂ ಸನ್‌ಸ್ಕ್ರೀನ್ ಹಚ್ಚಿ, ಎರಡು ಬೆರಳು, ಎಂದರು ಅವರು.

“ಕಿರುಬೆರಳಲ್ಲ ತಾನೆ ಡಾಕ್ಟ್ರೇ?” ಎಂದು ಕೇಳಿ ಅತ್ತೆ ಖಚಿತಪಡಿಸಿಕೊಂಡರು.